ಸಾಲದ ಪ್ರಶ್ನೆ ಬಿಟ್ಟೆಯಲ್ಲಮ್ಮ

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮೊದಲ ವರ್ಷದ ಹುಡುಗಿಯೊಬ್ಬಳ ಜೊತೆ ಮನೆ ಭೇಟಿಗೆ ಹೋಗಿದ್ದೆ. ಬಡಾವಣೆಗೆ ಹೋಗಿ ಜನರ ನಡುವೆ ಕಲಿಯುವ ಫೀಲ್ಡ್ ವರ್ಕ್ ಶುರುವಾಗಿ ಎರಡನೇ ವಾರ. ಅವಳ ಕೈಯಲ್ಲಿ ಸರ್ವೆ ಫಾರ್ಮು, ಕೆಳಗೆ ಒತ್ತಿಗೆ ಒಂದು ರಟ್ಟು, ಪೆನ್ನಿನ ಕ್ಯಾಪು ಬಾಯಲ್ಲಿ. ಅಜ್ಜಿ ಹೊಸ್ತಿಲ ಮೇಲೆ ಕೂತಿದ್ದರು. "ನಮಸ್ಕಾರ ಅಜ್ಜಿ, ನಾವು ಕಾಲೇಜಿನಿಂದ" ಅನ್ನುವಷ್ಟರಲ್ಲೇ ಅವರು ಶುರು ಮಾಡಿಬಿಟ್ಟರು. "ಬರ್ಕೊಳಮ್ಮ. ಮನೇಲಿ ಐದು ಜನ. ಗಂಡು ಎರಡು, ಹೆಣ್ಣು ಮೂರು. ಮನೆ ಬಾಡಿಗೇದು. ನಲ್ಲಿ ಹೊರಗಿದೆ. ದುಡಿಯೋರು ಮೂವರು. ಓದೋನು ಒಬ್ಬ." ಹುಡುಗಿ ಗಡಿಬಿಡಿಯಲ್ಲಿ ಪೆನ್ನು ಓಡಿಸಿದಳು. ಪುಟ ತಿರುಗಿಸುವಾಗ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು. ಸೀದಾ ಆರೋಗ್ಯದ ಭಾಗಕ್ಕೆ ಹೋಗಿ "ಮನೇಲಿ ಯಾರಿಗಾದ್ರೂ ಬಿಪಿ, ಶುಗರ್ ಇದೆಯಾ ಅಜ್ಜಿ?" ಅಂದಳು. ಅಜ್ಜಿ ಕೈ ಎತ್ತಿ ತಡೆದರು. "ಸಾಲದ ಪ್ರಶ್ನೆ ಬಿಟ್ಟೆಯಲ್ಲಮ್ಮ. ಅದು ಇದಕ್ಕಿಂತ ಮುಂಚೆ ಬರುತ್ತೆ."

ನಾವಿಬ್ಬರೂ ನಕ್ಕೆವು. ಅಜ್ಜಿ ನಗಲಿಲ್ಲ. ಮಗುಚಿದ ಹಾಳೆ ಬಿಡಿಸುವವರೆಗೂ ಕಾದು, ಸಾಲದ ಲೆಕ್ಕ ಹೇಳಿ, ಆಮೇಲೆ ನನ್ನ ಕಡೆ ತಿರುಗಿದರು. "ಹೋದ ವರ್ಷ ಒಬ್ಬ ಕನ್ನಡಕದ ಹುಡುಗ ಬಂದಿದ್ದ. ಅದರ ಹಿಂದೆ ಇಬ್ರು ಹುಡುಗೀರು. ಎಲ್ಲರೂ ಬರ್ಕೊಂಡು ಹೋದ್ರು. ಅದನ್ನೆಲ್ಲ ಎಲ್ಲಿಟ್ಟಿದೀರಿ ಮೇಡಂ?" ಕಾಲೇಜಲ್ಲಿದೆ ಅಮ್ಮ ಅಂದೆ. "ಚೆನ್ನಾಗಿದೆಯಾ?" ಅಂತ ಕೇಳಿದರು. ಹಾಸ್ಟೆಲಿಗೆ ಕಳಿಸಿದ ಮಗುವನ್ನು ವಿಚಾರಿಸುವ ಹಾಗಿತ್ತು ಆ ಕೇಳುವ ರೀತಿ. ವ್ಯಂಗ್ಯ ಇತ್ತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಸಮಾಜಕಾರ್ಯ ಪಾಠ ಮಾಡಲು ಶುರು ಮಾಡಿ ಆಗ 27 ವರ್ಷ ಆಗಿತ್ತು. ಎಷ್ಟೋ ಬ್ಯಾಚುಗಳನ್ನು ಕರೆದುಕೊಂಡು ಹೋಗಿದ್ದೆ, ಕರೆದುಕೊಂಡು ಬಂದಿದ್ದೆ. ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಬೀರು

ಮಾರನೇ ದಿನ ವಿಭಾಗದ ಬೀರು ತೆಗೆದೆ. ಅದನ್ನು ನೂರಾರು ಸಲ ತೆಗೆದಿದ್ದೇನೆ, ಎಲ್ಲವೂ ಒಳಗೆ ತುರುಕೋದಕ್ಕೆ. ಏನನ್ನಾದರೂ ಹೊರಗೆ ತೆಗೆದು ಓದೋಣ ಅಂತ ಕೈ ಹಾಕಿದ್ದು ಅದೇ ಮೊದಲು. ಫೀಲ್ಡ್ ವರ್ಕ್ ರೆಕಾರ್ಡುಗಳು ಹೇಗಿರುತ್ತವೆ ಅಂತ ಸಮಾಜಕಾರ್ಯ ಓದಿದವರಿಗೆ ಹೇಳಬೇಕಿಲ್ಲ. ಸ್ಪೈರಲ್ ಬೈಂಡಿಂಗು, ಮೇಲೊಂದು ಪ್ಲಾಸ್ಟಿಕ್ ಹಾಳೆ, ಪ್ರತಿ ಭೇಟಿಗೂ ದಿನಾಂಕ, ಗಂಟೆ, ಉದ್ದೇಶ, ನಡೆದದ್ದು, ಅವಲೋಕನ, ಮುಂದಿನ ಯೋಜನೆ. ಅಂಚಿನಲ್ಲಿ ನನ್ನ ಕೆಂಪು ಸಹಿ. ತುಂಬಾ ಹಳೆಯವೆಲ್ಲ ಜಾಗ ಇಲ್ಲ ಅಂತ ರದ್ದಿಗೆ ಹೋಗಿದ್ದವು. ಅಜ್ಜಿಯ ಬಡಾವಣೆಯದ್ದು ಆರು ವರ್ಷದ್ದು ಸಿಕ್ಕಿತು. ಆರೂ ರೆಕಾರ್ಡುಗಳಲ್ಲಿ ಅಜ್ಜಿಯ ಮನೆ ಇತ್ತು. ರಸ್ತೆಗೆ ಮೊದಲನೇ ಮನೆ ಅದು, ಹೊಸ ವಿದ್ಯಾರ್ಥಿಗಳು ಹೆದರಿಕೊಂಡು ಮೊದಲು ಬಾಗಿಲು ತಟ್ಟುವುದು ಅಲ್ಲೇ.

ಆರನ್ನೂ ಸಾಲಾಗಿ ಮೇಜಿನ ಮೇಲೆ ಹರಡಿ ಅದೊಂದೇ ಪುಟ ತೆಗೆದು ಓದಿದೆ. ಮೊದಲನೇ ವರ್ಷ: ದುಡಿಯುವವರು 2, ಓದುವವರು 2. ಮೊಮ್ಮಗಳು ಐದನೇ ಕ್ಲಾಸು, "ತುಂಬಾ ಚುರುಕಾದ ಮಗು, ನಮಗೆ ಪದ್ಯ ಹೇಳಿದಳು." ಎರಡನೇ ವರ್ಷ, ಮೂರನೇ ವರ್ಷ ಅದೇ ಅಂಕಿ. ನಾಲ್ಕನೇ ವರ್ಷ: ಎಂಟನೇ ಕ್ಲಾಸು, "ಶಾಲೆಗೆ ಆಗಾಗ ಗೈರುಹಾಜರಿ." ಐದನೇ ವರ್ಷ: ದುಡಿಯುವವರು 3, ಓದುವವರು 1. ಅಷ್ಟೇ. ಯಾವ ವಿವರಣೆಯೂ ಇಲ್ಲ. ಐದನೇ ವರ್ಷದ ಹುಡುಗನನ್ನು ಬೈಯೋ ಹಾಗೂ ಇಲ್ಲ. ಅವನಿಗೆ ಸಿಕ್ಕಿದ್ದು ಮೂರು ಜನ ದುಡಿಯುವ ಮನೆ, ಅದನ್ನೇ ಬರೆದ. ಅದಕ್ಕೆ ಹಿಂದಿನ ವರ್ಷ ಎರಡಿತ್ತು ಅಂತ ಅವನಿಗೆ ಹೇಳಬೇಕಿದ್ದವರು ಯಾರು? ಎರಡು ಪುಟದಲ್ಲೂ ಇರುವುದು ನನ್ನ ಸಹಿ. ಒಂದರಲ್ಲಂತೂ "ಅಕ್ಷರ ಸುಧಾರಿಸಬೇಕು" ಅಂತ ಬೇರೆ ಬರೆದಿದ್ದೇನೆ.

ಇನ್ನೊಂದು ಸಂಗತಿ ನೋಡಿ ನಗು ಬಂತು, ಆಮೇಲೆ ನಾಚಿಕೆಯಾಯಿತು. ಆರೂ ರೆಕಾರ್ಡುಗಳ ಮೊದಲ ಪುಟದಲ್ಲಿ "ಒಟ್ಟು ಮನೆಗಳು: 112" ಅಂತಿತ್ತು. ಆರು ವರ್ಷದಲ್ಲಿ ಅಲ್ಲಿ ಎಷ್ಟು ಮನೆ ಎದ್ದಿವೆ, ಎಷ್ಟು ಬಿದ್ದಿವೆ ಅಂತ ಕಣ್ಣಿದ್ದವರಿಗೆಲ್ಲ ಕಾಣುತ್ತೆ. ಮೊದಲ ಬ್ಯಾಚು ಎಣಿಸಿತ್ತು. ಉಳಿದವರು ಸೀನಿಯರ್‌ಗಳ ರೆಕಾರ್ಡು ಇಸಿದುಕೊಂಡು ಇಳಿಸಿಕೊಂಡಿದ್ದರು. ಅಂದರೆ ನೋಡಿ, ಮುಂದಿನವರಿಗೆ ದಾಟಬೇಕಾದದ್ದು ದಾಟಿರಲಿಲ್ಲ, ದಾಟಬಾರದ್ದು ಒಂದಕ್ಷರ ಬಿಡದೆ ದಾಟಿತ್ತು.

ಇದ್ದುಬಿಟ್ಟವರು

ಪಾಠ ಮಾಡುವಾಗ ನಾವೆಲ್ಲ ಸೆಟ್ಲ್‌ಮೆಂಟ್ ಚಳವಳಿಯನ್ನು ಒಂದು ಗಂಟೆಯಲ್ಲಿ ಮುಗಿಸಿಬಿಡುತ್ತೇವೆ. 1884, ಲಂಡನ್, ಟಾಯ್ನ್‌ಬೀ ಹಾಲ್. 1889, ಶಿಕಾಗೊ, ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್, ಹಲ್ ಹೌಸ್. ಎರಡು ಅಂಕದ ಪ್ರಶ್ನೆ. ಬೀರು ತೆಗೆದ ಆ ವಾರ ಅದೇ ಪಾಠ ಇತ್ತು. ಎಷ್ಟೋ ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದ ಆ ಸೆಟ್ಲ್‌ಮೆಂಟ್ ಅನ್ನುವ ಪದದ ಅರ್ಥ ಆವತ್ತು ಸರಿಯಾಗಿ ತಟ್ಟಿತು. ಅಲ್ಲೇ ಹೋಗಿ ನೆಲೆಸೋದು. ಟಾಯ್ನ್‌ಬೀ ಹಾಲ್‌ಗೆ ಬಂದದ್ದೂ ಕಾಲೇಜು ಹುಡುಗರೇ, ಆದರೆ ಬಡವರ ನಡುವೆ ವಾಸ ಮಾಡೋದಕ್ಕೆ ಬಂದವರು. ಜೇನ್ ಆಡಮ್ಸ್ ಶಿಕಾಗೊದಲ್ಲಿ ಹಾಗೇ ವಾಸಕ್ಕೆ ತೆರೆದ ಹಲ್ ಹೌಸನ್ನು 1935ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಲೆಕ್ಕ ಹಾಕಿದರೆ 46 ವರ್ಷ. ನಡುವೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನನಗೆ ಅದಕ್ಕಿಂತ ಇಷ್ಟವಾಗುವುದು 1895ರ ವಿಷಯ. ಆ ವರ್ಷ ಅವರು ತಮ್ಮ ವಾರ್ಡಿಗೆ ಕಸದ ಇನ್ಸ್‌ಪೆಕ್ಟರ್ ಆದರು. ಬೆಳಗಾಗೆದ್ದು ಕಸದ ಗಾಡಿಗಳ ಹಿಂದೆ ಓಡಾಡುವ ಕೆಲಸ. ಅದೇ ವರ್ಷ ಹಲ್ ಹೌಸಿನವರು ಸುತ್ತಲಿನ ಮನೆಗಳ ನಕ್ಷೆ ಪ್ರಕಟಿಸಿದರು. ಯಾವ ಮನೆಯಲ್ಲಿ ಯಾವ ದೇಶದಿಂದ ಬಂದವರಿದ್ದಾರೆ, ವಾರಕ್ಕೆ ಎಷ್ಟು ಕೂಲಿ, ಎಲ್ಲ ಬಣ್ಣಬಣ್ಣದಲ್ಲಿ. ಅದೂ ಸರ್ವೆಯೇ ತಾನೆ. ಆದರೆ ಹಲ್ ಹೌಸಿನವರು ಮಾರನೇ ದಿನ ಬೆಳಗ್ಗೆ ಅದೇ ಬೀದಿಯಲ್ಲಿ ಏಳಬೇಕಿತ್ತು. "ಬರ್ಕೊಂಡು ಹೋದದ್ದು ಎಲ್ಲಿಟ್ಟಿದೀರಿ?" ಅಂತ ಅವರನ್ನು ಯಾವಾಗ ಬೇಕಾದರೂ ಬಾಗಿಲು ತಟ್ಟಿ ಕೇಳಬಹುದಿತ್ತು.

ಮುಂದೆ ಕೆಲಸ ಕ್ಲಾಸ್‌ರೂಮಿಗೆ ಬಂತು. 1898ರಲ್ಲಿ ನ್ಯೂಯಾರ್ಕಿನಲ್ಲಿ ಆರು ವಾರದ ಬೇಸಿಗೆ ತರಬೇತಿ. ಮರುವರ್ಷ ಆಮ್ಸ್ಟರ್‌ಡ್ಯಾಮಿನಲ್ಲಿ ಒಂದು ಶಾಲೆ. 1915ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ಅಬ್ರಹಾಂ ಫ್ಲೆಕ್ಸ್ನರ್ ಸಮಾಜಕಾರ್ಯ ಇನ್ನೂ ಪೂರ್ತಿ ವೃತ್ತಿ ಆಗಿಲ್ಲ ಅಂದುಬಿಟ್ಟರು. ನಮ್ಮವರಿಗೆ ಆ ಮಾತು ಬಹಳ ನಾಟಿತು. ಸಿದ್ಧಾಂತ ಬೇಕು, ವಿಧಾನ ಬೇಕು, ಡಾಕ್ಟರು ವಕೀಲರ ಹಾಗೆ ಕಾಣಬೇಕು. ತಪ್ಪು ಅನ್ನಲಾರೆ, ನನ್ನ ಸಂಬಳವೂ ಅದರಿಂದಲೇ ಬಂದದ್ದು. ಬರೀ ಒಳ್ಳೆ ಮನಸ್ಸಿನಿಂದ ಹೋದವರು ಎಷ್ಟು ಅನಾಹುತ ಮಾಡಬಲ್ಲರು ಅಂತಲೂ ನೋಡಿದ್ದೇನೆ. ಆದರೂ ಮುಂಬೈಯ ಕಥೆ ನೆನಪಾಗುತ್ತದೆ. ಭಾರತದ ಮೊದಲ ಸಮಾಜಕಾರ್ಯ ಶಾಲೆ, ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, 1936ರಲ್ಲಿ ಶುರುವಾಯಿತು. ಅದರ ಮೊದಲ ನಿರ್ದೇಶಕ ಕ್ಲಿಫರ್ಡ್ ಮನ್ಶಾರ್ಟ್ ಅದಕ್ಕೂ ಮುಂಚೆಯೇ ನಾಗಪಾಡಾದಲ್ಲಿ ನೆರೆಹೊರೆ ಕೇಂದ್ರವೊಂದನ್ನು ನಡೆಸುತ್ತಿದ್ದವರು. ಮೊದಲು ನೆರೆಹೊರೆ, ಆಮೇಲೆ ಶಾಲೆ. ನಾವು ಮೊದಲು ಟೈಮ್‌ಟೇಬಲ್ ಹಾಕಿ ಆಮೇಲೆ ಬಡಾವಣೆ ಹುಡುಕುತ್ತೇವೆ.

ಗಂಟೆಗಳ ಲೆಕ್ಕವೂ ಹಾಗೇ. ಅಮೆರಿಕದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ ಕನಿಷ್ಠ 900 ಗಂಟೆ ಕ್ಷೇತ್ರಕಾರ್ಯ ಮಾಡಬೇಕು, ಪದವಿಯವರು 400. ಬೇರೆ ಕಡೆ ಬೇರೆ ಅಂಕಿ. 2008ರಲ್ಲಿ ಅಲ್ಲಿನ ಮಾನ್ಯತೆ ಕೊಡುವ ಮಂಡಳಿ, ಕ್ಷೇತ್ರಕಾರ್ಯವೇ ಈ ವಿಷಯವನ್ನು ಕಲಿಸುವ ಮುಖ್ಯ ದಾರಿ, ಇದರ ಗುರುತೇ ಅದು ಅಂತ ಬರೆದಿಟ್ಟಿತು. ಸರಿಯಾದ ಮಾತು. ಆದರೆ ಗಂಟೆ ಎಲ್ಲವೂ ವಿದ್ಯಾರ್ಥಿಯದ್ದು. ಸರ್ವೆಗೆ ಉತ್ತರ ಹೇಳುತ್ತಾ ಅಜ್ಜಿ ಕೊಟ್ಟ ಗಂಟೆಗಳಿಗೆ ಕಾಲಂ ಎಲ್ಲಿದೆ? ಏಳು ಬ್ಯಾಚು, ಬ್ಯಾಚಿಗೆ ನಾಲ್ಕೈದು ಭೇಟಿ. ನನ್ನ ಎಷ್ಟೋ ವಿದ್ಯಾರ್ಥಿಗಳಿಗಿಂತ ಅವರ ಹಾಜರಾತಿ ಜಾಸ್ತಿ.

"ಇಂದು ವಿಶೇಷವೇನೂ ನಡೆಯಲಿಲ್ಲ"

ಬೀರಿನಲ್ಲಿದ್ದದ್ದನ್ನು ಗುಡ್ಡೆ ಹಾಕಿಕೊಂಡು ಕೂತಾಗ ಇನ್ನೊಂದು ರೆಕಾರ್ಡು ಕೈಗೆ ಬಂತು. ಆ ಹುಡುಗ ಚೆನ್ನಾಗಿ ನೆನಪಿದ್ದಾನೆ. ಮಾತೇ ಆಡುತ್ತಿರಲಿಲ್ಲ. ಗುಂಪು ಚರ್ಚೆಯಲ್ಲಿ ಕಿಟಕಿ ನೋಡುತ್ತಿದ್ದ. ಬೀದಿನಾಟಕ ಅಂದರೆ ಹಿಂದಿನ ಸಾಲಿಗೆ ಸರಿಯುತ್ತಿದ್ದ. ಉಳಿದವರು ವಾರಕ್ಕೊಂದು ಜಾಥಾ, ಶಿಬಿರ, ಪೋಸ್ಟರ್ ಸ್ಪರ್ಧೆ ಅಂತ ಓಡಾಡುವಾಗ ಇವನು ಒಬ್ಬ ಟೈಲರ್ ತಾತನ ಅಂಗಡಿಯಲ್ಲಿ ಕೂತಿರುತ್ತಿದ್ದ. ರೆಕಾರ್ಡಿನಲ್ಲಿ ಒಂದು ದಿನ: "ತಾತನಿಗೆ ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಇಂದು ವಿಶೇಷವೇನೂ ನಡೆಯಲಿಲ್ಲ." ಮುಂದಿನ ವಾರ: "ಒಂಬತ್ತು ಸಲ ದಾರ ಪೋಣಿಸಿದೆ. ತಾತ ತಮ್ಮನ ವಿಷಯ ಹೇಳಿದರು. ಬರೆಯಬೇಡ ಅಂದರು." ನಿಜವಾಗಲೂ ಬರೆದಿರಲಿಲ್ಲ. ಅಂಚಿನಲ್ಲಿ ನನ್ನ ಕೆಂಪು ಪೆನ್ನು: "ಭೇಟಿಯ ಉದ್ದೇಶವೇನು? ಮಧ್ಯಪ್ರವೇಶ ಎಲ್ಲಿ?"

ಅದೇ ವರ್ಷ ಕ್ಲಾಸಿನಲ್ಲಿ ನಾನು ಸಮಾಜಕಾರ್ಯದ ಪ್ರೊಫೆಸರ್ ಫೆಲಿಕ್ಸ್ ಬೀಸ್ಟೆಕ್ ಹೇಳಿದ ಏಳು ತತ್ವಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಎದುರಿನವರನ್ನು ಇದ್ದ ಹಾಗೆ ಒಪ್ಪಿಕೊಳ್ಳೋದು, ತೀರ್ಪು ಕೊಡದಿರೋದು, ಗುಟ್ಟು ಕಾಪಾಡೋದು, ಇತ್ಯಾದಿ. ಪರೀಕ್ಷೆಯಲ್ಲಿ ಏಳನ್ನೂ ಬರೆದ ಹುಡುಗಿಗೆ ಹೆಚ್ಚು ಅಂಕ ಹೋಯಿತು. ಗುಟ್ಟು ಕಾಪಾಡಿದವನಿಗೆ "ರೆಕಾರ್ಡಿಂಗ್ ಅಪೂರ್ಣ" ಅಂತ ಕಡಿಮೆ ಹಾಕಿದೆ. ಅವನು ಏನೂ ಅನ್ನಲಿಲ್ಲ, ಅವನು ಯಾವಾಗ ತಾನೆ ಅಂದಿದ್ದ. ಮುಂದೆ ಎರಡು ವರ್ಷ ನಾನು ಆ ಕಡೆ ಹೋದಾಗಲೆಲ್ಲ ಟೈಲರ್ ತಾತ ಕೇಳುತ್ತಿದ್ದದ್ದು ಅವನೊಬ್ಬನನ್ನೇ. ಜಾಥಾ ಮಾಡಿದವರನ್ನು ಯಾರೂ ಕೇಳಲಿಲ್ಲ. ಜಾಥಾ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ವಾರ್ಷಿಕ ವರದಿ ಬಿಡಿಸಿದರೆ ಬ್ಯಾನರ್ ಹಿಡಿದ ಫೋಟೋಗಳೇ. ಬ್ಯಾನರಿನಲ್ಲಿ ಕಾಲೇಜಿನ ಹೆಸರು ಎದ್ದು ಕಾಣುತ್ತದೆ, ಹಿಂದೆ ನಿಂತ ಜನರ ಮುಖ ಅರ್ಧ ಮುಚ್ಚಿರುತ್ತದೆ. ಸೂಜಿಗೆ ದಾರ ಪೋಣಿಸುವವನ ಫೋಟೋ ತೆಗೆಯಲು ಬ್ಯಾನರ್ ಕಟ್ಟುವುದೆಲ್ಲಿ?

(ಅವನ ಅಂಕ ಈಗ ತಿದ್ದುವ ಹಾಗಿಲ್ಲ. ಫೋನ್ ಮಾಡಿ ಹೇಳಿದೆ. "ಬಿಡಿ ಮೇಡಂ" ಅಂದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಸುಮ್ಮನಿರುವುದರಲ್ಲಿ ಅವನು ನನಗಿಂತ ಪಳಗಿದವನು.)

ಎಷ್ಟನೇ ಮೆಟ್ಟಿಲು

1969ರಲ್ಲಿ ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಬರೆದರು. ತಳದಲ್ಲಿ ಜನರನ್ನು ಬೇಕಾದಂತೆ ಆಡಿಸೋದು, ಮಧ್ಯದಲ್ಲಿ ವಿಷಯ ತಿಳಿಸೋದು, ಅಭಿಪ್ರಾಯ ಕೇಳೋದು, ತುದಿಯಲ್ಲಿ ಅಧಿಕಾರವೇ ಜನರ ಕೈಗೆ. ಬೋರ್ಡಿನಲ್ಲಿ ಏಣಿ ಬರೆಯುವುದು ನನಗೆ ಇಷ್ಟದ ಕೆಲಸ, ಒಂದೂ ಮೆಟ್ಟಿಲು ಸೊಟ್ಟ ಬರುವುದಿಲ್ಲ. ಈ ಸಲ ಅದೇ ಹುಡುಗಿ, ಎರಡು ಹಾಳೆ ಮಗುಚಿದವಳು, ಎದ್ದು ನಿಂತು ಕೇಳಿದಳು. "ನಮ್ಮ ಫೀಲ್ಡ್ ವರ್ಕ್ ಎಷ್ಟನೇ ಮೆಟ್ಟಿಲಲ್ಲಿದೆ ಮೇಡಂ?"

ಗಂಟೆ ಹೊಡೆಯಲು ಐದು ನಿಮಿಷ ಇತ್ತು. ಹಿಂದೆಲ್ಲ ಆಗಿದ್ದರೆ ಮುಂದಿನ ಕ್ಲಾಸಿನಲ್ಲಿ ನೋಡೋಣ ಅನ್ನುತ್ತಿದ್ದೆ. ನಾಲ್ಕು ಅಂದೆ. ಕೇಳುತ್ತೇವೆ, ಬರೆದುಕೊಳ್ಳುತ್ತೇವೆ, ಕೇಳಿದ್ದರಿಂದ ಏನಾಯಿತು ಅಂತ ಹೇಳುವುದಿಲ್ಲ. ಅವಳು ಒಪ್ಪಲಿಲ್ಲ. "ಮೂರನೇ ಮೆಟ್ಟಿಲು ಅಂದ್ರೆ ವಿಷಯ ತಿಳಿಸೋದು. ಅದನ್ನೇ ನಾವು ಮಾಡಿಲ್ವಲ್ಲ. ಮತ್ತೆ ನಾಲ್ಕಕ್ಕೆ ಹೇಗೆ ಹತ್ತಿದ್ವಿ?" ಕ್ಲಾಸು ಗೊಳ್ಳೆಂದು ನಕ್ಕಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಥ ಪ್ರಶ್ನೆ ಕೇಳುವವರು ವರ್ಷಕ್ಕೊಬ್ಬರಾದರೂ ಸಿಗುತ್ತಾರೆ ಅನ್ನುವ ಆಸೆಯಿಂದಲೇ ನಾನು ಈ ಕೆಲಸದಲ್ಲಿ ಇಷ್ಟು ದಿನ ಇರೋದು.

ಅಲ್ಲಿಂದ ಒಂದು ಗಲಾಟೆ ಶುರುವಾಯಿತು, ಒಳ್ಳೆಯ ಗಲಾಟೆ. ರೆಕಾರ್ಡುಗಳನ್ನು ವಾಪಸ್ ತೆಗೆದುಕೊಂಡು ಹೋಗಿ ಜನರಿಗೆ ಓದಿ ಹೇಳೋಣ ಅಂದರು ವಿದ್ಯಾರ್ಥಿಗಳು. ನಾನು ತಕ್ಷಣ ಗೋಪ್ಯತೆಯ ಮಾತು ತೆಗೆದೆ. ಎಲ್ಲರ ಸಾಲ, ಕಾಯಿಲೆ, ಜಗಳ ಅದರಲ್ಲಿದೆ. ಎರಡು ದಿನ ವಾದ ಮಾಡಿ ಒಂದು ದಾರಿ ಹಿಡಿದೆವು. ಬಡಾವಣೆಯ ಒಟ್ಟು ಲೆಕ್ಕ ಎಲ್ಲರೆದುರು, ಆಯಾ ಮನೆಯ ಪುಟ ಆಯಾ ಮನೆಗೆ ಮಾತ್ರ, ಅದೂ ಅವರು ಬೇಕು ಅಂದರೆ. ಅಜ್ಜಿಯ ಪುಟವನ್ನು ನಾನೇ ತೆಗೆದುಕೊಂಡು ಹೋದೆ. ಬೇರೆ ಯಾರಿಗೂ ತೋರಿಸಿಲ್ಲ ಅಮ್ಮ, ಗುಟ್ಟಾಗಿ ಇಟ್ಟಿದ್ವಿ ಅಂತ ಹೇಳಿಕೊಂಡೆ. "ನಮ್ಮ ಗುಟ್ಟನ್ನ ನಮಗೂ ಹೇಳ್ದೆ ಇಟ್ಕೊಂಡಿದ್ರಿ" ಅಂದರು. ಆಮೇಲೆ ಓದಿಸಿದರು. ಐದನೇ ಕ್ಲಾಸಿನ ಮೊಮ್ಮಗಳು ಪದ್ಯ ಹೇಳಿದ ಸಾಲು ಬಂದಾಗ ಇನ್ನೊಂದು ಸಲ ಓದಿ ಅಂದರು. ಯಾವ ಪದ್ಯ ಅಂತ ಬರೆದಿಲ್ವಾ? ಬರೆದಿರಲಿಲ್ಲ.

ಮೊಮ್ಮಗಳಿಗೆ ಆಗ ಹದಿನಾರು. ಕೆಲಸಕ್ಕೆ ಹೋಗುತ್ತಿದ್ದಳು. ವಾಪಸ್ ಓದಿಗೆ ಸೇರಿಸೋಣ ಅಂತ ನಮ್ಮ ಹುಡುಗಿ ಮೂರು ಸಂಜೆ ಕಾದು ಅವಳನ್ನು ಹಿಡಿದು ಮಾತಾಡಿಸಿದಳು. "ಎರಡು ವರ್ಷ ಲೇಟಾಗಿ ಬಂದ್ರಿ ಅಕ್ಕ" ಅಂದಳಂತೆ, ಸಿಟ್ಟೇನಿಲ್ಲದೆ. ಹುಡುಗಿ ಅದನ್ನು ರೆಕಾರ್ಡಿನಲ್ಲಿ ಹಾಗೇ ಬರೆದಿದ್ದಳು. ಕೆಂಪು ಪೆನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತೆ. ಸಹಿ ಮಾತ್ರ ಹಾಕಿದೆ.

ಹೊರಡುವ ದಿನ

ಬಿಟ್ಟು ಬರುವುದಕ್ಕೂ ನಮ್ಮಲ್ಲಿ ಒಂದು ಹೆಸರಿದೆ, ಟರ್ಮಿನೇಷನ್. ಎಷ್ಟು ಕೆಟ್ಟ ಪದ ಅಲ್ವಾ? ನಾವು ಹೋಗುವ ದಿನವನ್ನು ಮೊದಲೇ ಹೇಳಿ ಸಿದ್ಧ ಮಾಡಬೇಕು ಅಂತ ಪಾಠ. ಆಗುವುದೇ ಬೇರೆ. ಕೊನೆಯ ವಾರ ಒಂದು ಕಾರ್ಯಕ್ರಮ, ಮಕ್ಕಳಿಗೆ ಪೆನ್ಸಿಲ್, ಗ್ರೂಪ್ ಫೋಟೋ, "ಮತ್ತೆ ಬರ್ತೀವಿ" ಅನ್ನೋ ಸುಳ್ಳು. ಸುಳ್ಳು ಅಂತ ಹೇಳುವವರಿಗೂ ಗೊತ್ತಿರುವುದಿಲ್ಲ. ಇಪ್ಪತ್ತೆರಡು ವರ್ಷದವರು ಅಳುತ್ತಾ ಹೇಳುವಾಗ ಅದು ನಿಜವೇ ಆಗಿರುತ್ತದೆ. ಪರೀಕ್ಷೆ ಬರುತ್ತೆ, ಕೆಲಸ ಸಿಗುತ್ತೆ, ಅಷ್ಟೇ.

ಈಗ ಎರಡು ವರ್ಷದಿಂದ ಮೊದಲ ಭೇಟಿಯಲ್ಲೇ ಹೋಗುವ ತಾರೀಖು ಹೇಳಿಸುತ್ತೇನೆ. ವಿದ್ಯಾರ್ಥಿಗಳಿಗೆ ಮುಜುಗರ. ಬಂದ ದಿನವೇ ಹೋಗುವ ಮಾತು ಆಡೋದು ಹೇಗೆ ಅಂತ. ಕೇಳಿಸಿಕೊಳ್ಳುವವರಿಗೆ ಏನೂ ಅನ್ನಿಸುವುದಿಲ್ಲ, ಅವರಿಗೆ ಗೊತ್ತೇ ಇದೆ. ಮತ್ತೆ ಬರ್ತೀವಿ ಅನ್ನುವ ಹಾಗಿಲ್ಲ. ಮತ್ತೆ ಬರುವುದು ನನ್ನ ಪಾಲಿಗೆ. ಹುಡುಗರಿಗೆ ಎರಡು ವರ್ಷದ ಕೋರ್ಸು, ನನಗೆ ಹಾಗಲ್ಲವಲ್ಲ. ಬಡಾವಣೆಗೆ ಒಂದೇ ಫೈಲು ಮಾಡಿದ್ದೇವೆ, ಹೊಸ ಬ್ಯಾಚು ಹಳೆಯದನ್ನು ಓದದೆ ಒಂದು ಬಾಗಿಲೂ ತಟ್ಟುವುದಿಲ್ಲ. ವಿಭಾಗಕ್ಕೆ ಹೊಸದಾಗಿ ಬಂದ ಮೇಡಂ ಒಬ್ಬರು ಈಗ ನನ್ನ ಜೊತೆ ಬರುತ್ತಾರೆ. ನನ್ನ ನಿವೃತ್ತಿಗೆ ಹೆಚ್ಚು ದಿನ ಇಲ್ಲ. ಅಜ್ಜಿ ಅವರನ್ನು ನೋಡಿದ ಕೂಡಲೇ ಲೆಕ್ಕ ಹಾಕಿದರು. "ನೀವು ಯಾವತ್ತು ಹೋಗೋದು ಮೇಡಂ?" ನನಗೂ ತಾರೀಖು ಹೇಳಬೇಕಾಯಿತು. ಹುಡುಗರ ಮುಜುಗರ ಏನು ಅಂತ ಆಗ ಗೊತ್ತಾಯಿತು.

ಈ ವರ್ಷದವರು ಮನೆಗಳನ್ನು ಹೊಸದಾಗಿ ಎಣಿಸಿದರು. ನಾಲ್ಕು ದಿನ ಹಿಡಿಯಿತು. 112 ಅಂತೂ ಅಲ್ಲ. ಎಷ್ಟು ಅನ್ನುವುದರಲ್ಲಿ ಜಗಳ. ಒಬ್ಬಳ ಲೆಕ್ಕ 163, ಇನ್ನೊಬ್ಬನದ್ದು 164. ಒಂದು ಮನೆಗೆ ಬಾಗಿಲು ಒಂದು, ಒಳಗೆ ಒಲೆ ಎರಡು, ಅಣ್ಣ ತಮ್ಮ ಸಂಸಾರ. ಒಂದು ಅಂತ ಬರೆಯೋದೋ ಎರಡು ಅಂತಲೋ? ನನ್ನ ಹತ್ತಿರ ಬಂದರು. ನನ್ನನ್ನೇಕೆ ಕೇಳ್ತೀರಿ, ಅವರನ್ನು ಕೇಳಿ ಅಂದೆ. ಹೋಗಿ ಕೇಳಿದರು. ಒಳಗಿದ್ದ ಹೆಂಗಸು ಸ್ವಲ್ಪ ಯೋಚನೆ ಮಾಡಿ ಹೇಳಿದರಂತೆ: "ಮಳೆಗಾಲದಲ್ಲಿ ಒಂದು. ಆ ಕಡೆ ಕೋಣೆ ಸೋರುತ್ತೆ, ಎಲ್ಲರೂ ಈ ಕಡೆ ಬಂದುಬಿಡ್ತೀವಿ. ಮಿಕ್ಕ ದಿನ ಎರಡು." ಫಾರ್ಮಿನ ಕಾಲಂನಲ್ಲಿ ಅಂಕಿ ಬರೆಯಲು ಇದ್ದದ್ದು ಒಂದು ಸಣ್ಣ ಚೌಕ. ಹುಡುಗ ಆ ಮಾತನ್ನು ಪೂರ್ತಿ ಬರೆದಿದ್ದ. ಅಕ್ಷರ ಚೌಕದಿಂದ ಹೊರಗೆ ಬಂದು ಅಂಚಿನವರೆಗೂ ಹೋಗಿತ್ತು, ನಾನು ಸಹಿ ಹಾಕುವ ಜಾಗದವರೆಗೂ.